ಬೇರೆ ಗ್ರಹದ ಆಕಾಶಕ್ಕೆ ಎಷ್ಟು ಚಂದ್ರ?

ನಾನು ಮ್ಯಾಟ್ ಪೇಂಟರ್. ಬೆಂಗಳೂರಿನ ಒಂದು ವಿಎಫ್‌ಎಕ್ಸ್ ಸ್ಟುಡಿಯೋದಲ್ಲಿ ಕೂತು, ಕ್ಯಾಮೆರಾಕ್ಕೆ ಸಿಗದ ಊರುಗಳ ಚಿತ್ರ ಬರೆಯುವುದು ನನ್ನ ಕೆಲಸ. ಸೈನ್ಸ್ ಫಿಕ್ಷನ್ ಸೀರೀಸ್ ಬಂತೆಂದರೆ ಕ್ಲೈಂಟ್ ಹೇಳುವ ಮಾತು ಹೆಚ್ಚೂಕಡಿಮೆ ಒಂದೇ: "ಈ ಜನ ನಮಗಿಂತ ತುಂಬಾ ಮುಂದುವರಿದವರು. ನೋಡಿದ ಕೂಡಲೇ ಗೊತ್ತಾಗಬೇಕು." ಶಾಟ್ ಇರುವುದು ನಾಲ್ಕೇ ಸೆಕೆಂಡು. ಅಷ್ಟರಲ್ಲಿ ಗೊತ್ತು ಮಾಡಿಸಲು ಒಂದು ಸಿದ್ಧ ಅಡುಗೆ ಇದೆ. ಗೋಪುರ ಎತ್ತರಿಸು, ಗಾಜು ಹೊದಿಸು, ನಡುವೆ ನಾಲ್ಕು ಹಾರುವ ವಾಹನ ಬಿಡು, ಮೇಲೆ ಎರಡು ಚಂದ್ರ ಅಂಟಿಸು. ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಬೈಯುವ ಹಕ್ಕು ನನಗಿಲ್ಲ.

ಟೀವಿಯಲ್ಲಿ ಅನ್ಯಗ್ರಹಗಳು ಹೇಗೆ ಕಾಣಬೇಕು ಅನ್ನುವುದನ್ನು ಕಲ್ಪನೆಗಿಂತ ಜಾಸ್ತಿ ತೀರ್ಮಾನಿಸಿದ್ದು ದುಡ್ಡು. 1966ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್ಲಿನಲ್ಲಿ, ಗ್ರಹದಿಂದ ಗ್ರಹಕ್ಕೆ ಹೋಗುವ ಬಾಹ್ಯಾಕಾಶ ನೌಕೆಯೊಂದರ ಕಥೆಯಾದ 'ಸ್ಟಾರ್ ಟ್ರೆಕ್' ಸೀರೀಸ್ ಶುರುವಾದಾಗ, ವಾರವಾರವೂ ಆ ನೌಕೆಯನ್ನು ನೆಲಕ್ಕಿಳಿಸಿ ತೋರಿಸುವಷ್ಟು ಹಣ ಇರಲಿಲ್ಲ. ಅದಕ್ಕೇ ಟ್ರಾನ್ಸ್‌ಪೋರ್ಟರ್ ಹುಟ್ಟಿತು. ಜನ ಇಲ್ಲಿ ಕರಗಿ ಅಲ್ಲಿ ಮೂಡುತ್ತಾರೆ. ಅಲ್ಲಿನ ಊರು ಅಂದರೆ ಒಂದು ಪೇಂಟಿಂಗ್. ಅವುಗಳಲ್ಲಿ ಕೆಲವನ್ನು ಬರೆದ ಆಲ್ಬರ್ಟ್ ವಿಟ್ಲಾಕ್ ನಮ್ಮ ಕಸುಬಿನವರಿಗೆಲ್ಲ ಗುರು. 1967ರ ಒಂದು ಕಂತಿನಲ್ಲಿ ಎಮಿನಿಯಾರ್ ಗ್ರಹದ ನಗರವಾಗಿದ್ದ ಚಿತ್ರವೇ 1968ರಲ್ಲಿ ಸ್ಕಾಲೋಸ್ ಗ್ರಹದ ನಗರವೂ ಆಯಿತು. ಒಬ್ಬರ ಮದುವೆ ಚಪ್ಪರ ಇನ್ನೊಬ್ಬರ ಗೃಹಪ್ರವೇಶಕ್ಕೆ ಬಂದ ಹಾಗೆ.

ಇದಕ್ಕಿಂತ ಜಾಣತನದ ಉಪಾಯವೂ ಇತ್ತು. 1967ರ 'ಎರಂಡ್ ಆಫ್ ಮರ್ಸಿ' ಕಂತಿನಲ್ಲಿ ಆರ್ಗೇನಿಯಾ ಎಂಬ ಗ್ರಹ ಬರುತ್ತದೆ. ಹಳೇ ಕಾಲದ ಹಳ್ಳಿ, ನಿಲುವಂಗಿ ತೊಟ್ಟ ಮುದುಕರು, ಅವಸರವೇ ಇಲ್ಲದ ಮಾತು. ಕೊನೆಯಲ್ಲಿ, ಯುದ್ಧಕ್ಕೆ ನಿಂತ ಎರಡು ಸೈನ್ಯಗಳ ಆಯುಧಗಳು ಮುಟ್ಟಲಾಗದಷ್ಟು ಕಾದು ಯುದ್ಧವೇ ನಿಂತುಹೋಗುತ್ತದೆ. ಆ ಮುದುಕರು ಮೈಯೇ ಇಲ್ಲದ ಬರೀ ಶಕ್ತಿ ಎಂದು ಆಗ ಗೊತ್ತಾಗುತ್ತದೆ. ಖರ್ಚು ಒಂದು ಹಳ್ಳಿಯದು, ಕಾಣಿಸಿದ್ದು ದೇವರಂಥ ನಾಗರಿಕತೆ! ಸೋವಿಯತ್ ಖಗೋಳ ವಿಜ್ಞಾನಿ ಕಾರ್ಡಶೆವ್ 1964ರಲ್ಲಿ ನಾಗರಿಕತೆಗಳನ್ನು ಅಳೆದದ್ದೂ ಶಕ್ತಿಯ ಲೆಕ್ಕದಲ್ಲೇ. ಒಂದು ಗ್ರಹದ್ದೋ, ಇಡೀ ನಕ್ಷತ್ರದ್ದೋ, ಗ್ಯಾಲಕ್ಸಿಯದ್ದೋ ಅಂತ. ಅದರಲ್ಲಿ ಗೋಪುರದ ಎತ್ತರಕ್ಕೆ ಅಂಕ ಇಲ್ಲ. ನಕ್ಷತ್ರವನ್ನೇ ಸುತ್ತುಗಟ್ಟಿದ ಗೋಳವನ್ನು ಸ್ಟಾರ್ ಟ್ರೆಕ್‌ನ ಮುಂದಿನ ಸೀರೀಸ್ 'ನೆಕ್ಸ್ಟ್ ಜನರೇಷನ್'ನ 1992ರ ಕಂತೊಂದರಲ್ಲಿ ತೋರಿಸಿದರು. ವ್ಯಾಸ 20 ಕೋಟಿ ಕಿಲೋಮೀಟರ್. ಒಳಗೆ ಒಬ್ಬರಾದರೂ ಇದ್ದರಾ? ಇಲ್ಲ, ಎಲ್ಲರೂ ಯಾವಾಗಲೋ ಬಿಟ್ಟು ಹೋಗಿದ್ದರು. ಜೂನಿಯರ್ ಆರ್ಟಿಸ್ಟ್‌ಗಳ ಸಂಬಳವೂ ಉಳಿಯಿತು ಅಲ್ವಾ.

ನನ್ನ ಮಟ್ಟಿಗೆ ಟೀವಿಯಲ್ಲಿ ಬಂದ ಅತ್ಯುತ್ತಮ ತವರು ಗ್ರಹದಲ್ಲಿ ನಗರವೇ ಇಲ್ಲ. 1967ರ ಸೆಪ್ಟೆಂಬರ್‌ನಲ್ಲಿ ಬಂದ ಸ್ಟಾರ್ ಟ್ರೆಕ್‌ನ 'ಅಮಾಕ್ ಟೈಮ್' ಕಂತಿನಲ್ಲಿ, ನೌಕೆಯ ಅಧಿಕಾರಿ ಸ್ಪಾಕ್‌ನ ತವರಾದ ವಲ್ಕನ್ ಗ್ರಹವನ್ನು ಮೊದಲ ಸಲ ತೋರಿಸಿದರು. ಸ್ಟುಡಿಯೋದೊಳಗೆ ಮರಳು, ಒಂದಿಷ್ಟು ಕಲ್ಲುಕಂಬ, ಜಾಗಟೆಯಂಥದ್ದು ಒಂದು, ಹಿಂದೆ ಕೆಂಪು ಆಕಾಶ. ಅಷ್ಟೇ. ತರ್ಕವೇ ಎಲ್ಲ ಅನ್ನುವ ಜನ ಮದುವೆಯ ಶಾಸ್ತ್ರಕ್ಕೆ ಮಾತ್ರ ಈ ಬಟಾಬಯಲಿಗೆ ಬರುತ್ತಾರೆ. ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಇದು ನಮ್ಮ ಮನೆತನದ ಜಾಗ ಅನ್ನುತ್ತಾನೆ ಸ್ಪಾಕ್. ಸಿಟಿಯಲ್ಲಿ ಬಂಗಲೆ ಕಟ್ಟಿದವರೂ ಮೊದಲ ಲಗ್ನಪತ್ರಿಕೆಯನ್ನು ಮನೆದೇವರ ಗುಡಿಗೆ ಒಯ್ಯುತ್ತಾರಲ್ಲ, ನನಗೆ ಅದೇ ನೆನಪಾಯಿತು.

ವಲ್ಕನ್‌ನ ಗಾಳಿ ಕಥೆಗೆ ಏನು ಮಾಡುತ್ತದೆ ನೋಡಿ. ಸೆಕೆ, ಅದರ ಜೊತೆಗೆ ತೆಳು ಗಾಳಿ. ಆ ಶಾಸ್ತ್ರದ ಭಾಗವಾಗಿ ಸ್ಪಾಕ್ ಜೊತೆ ಹೊಡೆದಾಡಬೇಕಾಗಿ ಬಂದ ನೌಕೆಯ ಕ್ಯಾಪ್ಟನ್ ಕರ್ಕ್ ಏದುಸಿರು ಬಿಡುತ್ತಾನೆ. ಉಸಿರಾಟಕ್ಕೆ ಅನುಕೂಲ ಆಗಲಿ ಎಂದು ಹೇಳಿ ಡಾಕ್ಟರ್ ಮೆಕಾಯ್ ಇಂಜೆಕ್ಷನ್ ಕೊಡುತ್ತಾರೆ. ಅಸಲಿಗೆ ಅದು ಅವನನ್ನು ಸತ್ತವನಂತೆ ಮಲಗಿಸುವ ಮದ್ದು, ಜೀವ ಉಳಿಯುವುದೂ ಅದರಿಂದಲೇ. ಗಾಳಿ ತೆಳು ಅಂತ ಇಲ್ಲದಿದ್ದರೆ ಆ ನೆಪವೂ ಇಲ್ಲ, ಕಥೆಯೂ ಮುಗಿಯುವುದಿಲ್ಲ. ಗಾಜಿನ ಗೋಪುರ ಕಥೆಗೆ ಇಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ, ನಾನೇ ಬರೆದ ಗೋಪುರಗಳನ್ನೂ ಸೇರಿಸಿ.

ಚಂದ್ರನ ವಿಷಯಕ್ಕೆ ಬರೋಣ. ವಲ್ಕನ್‌ಗೆ ಚಂದ್ರನೇ ಇಲ್ಲ ಎಂದು 1966ರಲ್ಲೇ ಸ್ಪಾಕ್ ಹೇಳಿಬಿಟ್ಟಿದ್ದ. ಆದರೂ 1979ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ವಲ್ಕನ್ ಆಕಾಶದಲ್ಲಿ ದೊಡ್ಡ ಗೋಳಗಳು ತೇಲಿದವು. 2001ರ ಹೊಸ ಆವೃತ್ತಿಯಲ್ಲಿ ಅವನ್ನು ಅಳಿಸಬೇಕಾಯಿತು. ನಮ್ಮವರಿಗೆ ಆಕಾಶ ಖಾಲಿ ಬಿಟ್ಟರೆ ಕೈ ತುರಿಸುತ್ತದೆ. ಅದರಲ್ಲೂ ರಾತ್ರಿ ಶಾಟಿಗೆ ಎರಡು ಚಂದ್ರ ಇಟ್ಟರೆ ನೆಲದ ಮೇಲೆ ನೆರಳೂ ಎರಡು ಬೀಳಬೇಕು. ನಾವು ಪ್ಲೇಟ್ ಅನ್ನುವ, ಶೂಟ್ ಮಾಡಿ ತಂದ ಮೂಲ ದೃಶ್ಯದಲ್ಲಿ ಇರುವುದು ಒಂದೇ. ಇದನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ವಲ್ಕನ್ ಆಕಾಶದಲ್ಲಿ ಏನಿರಬೇಕು? ಸ್ಟಾರ್ ಟ್ರೆಕ್‌ನ ಜನಕ ಜೀನ್ ರಾಡನ್‌ಬೆರಿ 1991ರಲ್ಲಿ ಮೂವರು ಖಗೋಳ ವಿಜ್ಞಾನಿಗಳ ಜೊತೆ 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಗೆ ಪತ್ರ ಬರೆದು, ವಲ್ಕನ್‌ನ ಸೂರ್ಯ 40 ಎರಿಡಾನಿ ಎಂದರು. ನಮ್ಮಿಂದ ಸುಮಾರು 16 ಜ್ಯೋತಿರ್ವರ್ಷ ದೂರ. ಬುದ್ಧಿಜೀವಿಗಳು ಬೆಳೆಯಲು ಸಾಕಾಗುವಷ್ಟು ವಯಸ್ಸಾದ ನಕ್ಷತ್ರ ಅನ್ನುವುದು ಅವರು ಕೊಟ್ಟ ಕಾರಣ. 2018ರಲ್ಲಿ ಅಲ್ಲೊಂದು ಗ್ರಹದ ಸುಳಿವು ಸಿಕ್ಕಿತು, ಎಲ್ಲರೂ ವಲ್ಕನ್ ವಲ್ಕನ್ ಎಂದು ಕುಣಿದರು. 2024ರ ಹೊತ್ತಿಗೆ ಅದು ಗ್ರಹವಲ್ಲ, ನಕ್ಷತ್ರದ್ದೇ ಚಟುವಟಿಕೆ ಎಂದಾಯಿತು. ಆದರೆ ನನಗೆ ಬೇಕಾದದ್ದು ಇನ್ನೊಂದು. ಅಲ್ಲಿ ಇರುವುದು ಮೂರು ನಕ್ಷತ್ರಗಳ ಗುಂಪು. ಮುಖ್ಯವಾದದ್ದನ್ನು ಸುತ್ತುವ ಗ್ರಹದಿಂದ ನೋಡಿದರೆ ಉಳಿದೆರಡು ನಮ್ಮ ಶುಕ್ರನಿಗಿಂತ ಜಾಸ್ತಿ ಹೊಳೆಯುತ್ತವೆ. ಒಂದು ಬಿಳಿ, ಒಂದು ಕೆಂಪು.

ಹೋದ ವರ್ಷ ಒಂದು ಶಾಟಿಗೆ ಎಂದಿನಂತೆ ಎರಡು ಚಂದ್ರ ಕೇಳಿದ್ದರು. ಒಂದು ಕೈ ನೋಡೋಣ ಎಂದು ಚಂದ್ರರನ್ನು ತೆಗೆದು, ಬೆಟ್ಟದ ನೆತ್ತಿಯ ಮೇಲೆ ಬಿಳಿ ಚುಕ್ಕಿ ಒಂದು, ಕೆಂಪು ಚುಕ್ಕಿ ಒಂದು ಇಟ್ಟು ಕಳಿಸಿದೆ. ಮಾರನೇ ದಿನ ಬೆಳಿಗ್ಗೆ ನೋಟ್ ಬಂತು: "ಪ್ಲೇಟಿನಲ್ಲಿ ಎರಡು ಡೆಡ್ ಪಿಕ್ಸೆಲ್ ಇವೆ, ಕ್ಲೀನ್ ಮಾಡಿ. ಚಂದ್ರ ಎಲ್ಲಿ?"