ಲಾಫ್ಟ್: ಗಾಲ್ಫ್ ಕ್ಲಬ್ ಕೊಳ್ಳುವ ಮೊದಲು ಕೇಳಬೇಕಾದ ಸಂಖ್ಯೆ

ಬೆಂಗಳೂರಿನ ಮನೆಗಳಲ್ಲಿ ಲಾಫ್ಟ್ ಅಂದರೆ ಹಳೇ ಪಾತ್ರೆ, ಸೂಟ್‌ಕೇಸು, ದಸರಾ ಗೊಂಬೆಯ ಪೆಟ್ಟಿಗೆ ಸೇರಿಸಿಡುವ ಅಟ್ಟ. ಗಾಲ್ಫಿನಲ್ಲಿ ಅದೇ ಪದ ಒಂದು ಕೋನದ ಹೆಸರು. ಕ್ಲಬ್ಬಿನ, ಅಂದರೆ ಚೆಂಡು ಹೊಡೆಯುವ ದಾಂಡಿನ, ತಲೆಯಲ್ಲಿ ಚೆಂಡಿಗೆ ತಾಗುವ ಭಾಗವನ್ನು ಮುಖ ಅಥವಾ ಫೇಸ್ ಅನ್ನುತ್ತಾರೆ. ಕೋಲು ನೆಟ್ಟಗಿದ್ದಾಗ ಆ ಮುಖ ಹಿಂದಕ್ಕೆ ಎಷ್ಟು ಡಿಗ್ರಿ ವಾಲಿದೆಯೋ ಅಷ್ಟು ಅದರ ಲಾಫ್ಟ್. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರಿನ ಮುಖ ಹೆಚ್ಚುಕಡಿಮೆ ಗೋಡೆಯ ಹಾಗೆ ನಿಂತಿರುತ್ತದೆ, ಮರಳಿನಿಂದ ಚೆಂಡು ಎತ್ತುವ ಸ್ಯಾಂಡ್ ವೆಡ್ಜಿನದು ಸಲಿಕೆಯ ಹಾಗೆ ಮಲಗಿರುತ್ತದೆ.

ಹೊಸದಾಗಿ ಆಡಲು ಹೊರಟವರು ಅಂಗಡಿಯಲ್ಲಿ ಕಂಪನಿ ನೋಡುತ್ತಾರೆ, ಬೆಲೆ ಕೇಳುತ್ತಾರೆ. ಲಾಫ್ಟ್ ಕೇಳುವವರು ಅಪರೂಪ. ಆದರೆ ಒಂದು ಕ್ಲಬ್ಬಿನಿಂದ ಚೆಂಡು 100 ಮೀಟರ್ ಹೋಗಿ ಇನ್ನೊಂದರಿಂದ 130 ಮೀಟರ್ ಹೋಗುವುದಕ್ಕೆ ಮುಖ್ಯ ಕಾರಣ ಎರಡೇ: ಕೋಲಿನ ಉದ್ದ ಮತ್ತು ಈ ಕೋನ.

ಅಂದಾಜು ಲೆಕ್ಕ ಹೀಗಿದೆ. ಡ್ರೈವರ್ 9ರಿಂದ 12 ಡಿಗ್ರಿ, 3 ವುಡ್ (ದೂರ ಹೊಡೆಯುವ, ದಪ್ಪ ತಲೆಯ ಕ್ಲಬ್) 15, 5 ವುಡ್ 18, ವುಡ್ ಮತ್ತು ಐರನ್ ನಡುವಿನ ಹೈಬ್ರಿಡ್‌ಗಳು 19ರಿಂದ 27. ತೆಳು ಲೋಹದ ತಲೆಯ ಐರನ್‌ಗಳು 20ರ ಆಸುಪಾಸಿನಲ್ಲಿ ಶುರುವಾಗಿ ಹತ್ತಿರದ, ಎತ್ತರದ ಹೊಡೆತಕ್ಕಿರುವ ಪಿಚಿಂಗ್ ವೆಡ್ಜಿನಲ್ಲಿ 44-46ಕ್ಕೆ ಮುಟ್ಟುತ್ತವೆ. ಸ್ಯಾಂಡ್ ವೆಡ್ಜ್ 54-56, ಲಾಬ್ ವೆಡ್ಜ್ 58-60. ಡ್ರೈವರ್ ಮತ್ತು ವೆಡ್ಜ್‌ಗಳ ಮೇಲೆ ಸಾಮಾನ್ಯವಾಗಿ ಡಿಗ್ರಿಯನ್ನೇ ಕೊರೆದಿರುತ್ತಾರೆ. ಐರನ್‌ಗಳ ಮೇಲೆ ಮಾತ್ರ 5, 7, 9 ಎಂಬ ಕ್ರಮಸಂಖ್ಯೆ. ಗೊಂದಲವೆಲ್ಲ ಹುಟ್ಟುವುದು ಅಲ್ಲೇ. ಅದಕ್ಕೆ ಆಮೇಲೆ ಬರೋಣ.

ಲಾಫ್ಟನ್ನು ಕಣ್ಣಾರೆ ನೋಡಬೇಕಿದ್ದರೆ 7 ಐರನ್ ತೆಗೆದುಕೊಂಡು ಮುಖ ಮೇಲೆ ಬರುವಂತೆ ಹುಲ್ಲಿನ ಮೇಲಿಡಿ. ಹಿಡಿ ಗುರಿಯ ಕಡೆಗಿರಲಿ. ಮುಖವನ್ನು ಶೂನಿಂದ ಮೆಲ್ಲಗೆ ಒತ್ತಿದರೆ ಕೋಲು ನೆಲ ಬಿಟ್ಟು ಮೇಲೇಳುತ್ತದೆ. ಕೋಲಿಗೂ ನೆಲಕ್ಕೂ ನಡುವೆ ಕಾಣುವ ಕೋನವೇ ಲಾಫ್ಟ್. 9 ಐರನ್ ಇಟ್ಟು ಒತ್ತಿದರೆ ಕೋಲು ಇನ್ನೂ ಮೇಲೇಳುತ್ತದೆ. ಎದುರಿಗೆ ಮರ ಅಡ್ಡ ಇದ್ದಾಗ ಯಾವ ಕ್ಲಬ್ಬಿನ ಹೊಡೆತ ಅದರ ಮೇಲೆ ಹಾಯುತ್ತದೆ ಎಂದು ಅಂದಾಜು ಮಾಡಲು ಇದೇ ಉಪಾಯ ಬಳಸುವುದುಂಟು. ನಿಜದಲ್ಲಿ ಚೆಂಡು ಏರುವ ಕೋನ ಇದಕ್ಕಿಂತ ಸಾಕಷ್ಟು ಕಡಿಮೆ, ಹಾಗಾಗಿ ಕೋಲು ಮರದ ತುದಿಯನ್ನು ಆಗಷ್ಟೇ ದಾಟಿದಂತೆ ಕಂಡರೆ ಆ ಹೊಡೆತದ ಆಸೆ ಬಿಡಿ.

ವಾಲಿದ ಮುಖ ಚೆಂಡಿಗೆ ಎರಡು ಕೆಲಸ ಮಾಡುತ್ತದೆ. ಅದನ್ನು ಮೇಲಕ್ಕೆ ಕಳಿಸುತ್ತದೆ, ಜೊತೆಗೆ ಹಿಮ್ಮುಖವಾಗಿ ತಿರುಗಿಸುತ್ತದೆ. ಬ್ಯಾಕ್‌ಸ್ಪಿನ್ ಅನ್ನುವುದು ಈ ತಿರುಗುವಿಕೆಗೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ, ಮೈತುಂಬ ಗುಳಿಗಳಿರುವ 45.93 ಗ್ರಾಂ ಒಳಗಿನ ಆ ಚೆಂಡನ್ನು ಗಾಳಿ ಎತ್ತಿ ಹಿಡಿಯುತ್ತದೆ. ಹೊಡೆತದ ವೇಗ ಕಡಿಮೆಯಿದ್ದು ಲಾಫ್ಟೂ ಕಡಿಮೆಯಿದ್ದರೆ ಎತ್ತರವೂ ಸಾಲದು, ಸ್ಪಿನ್ನೂ ಸಾಲದು. ಚೆಂಡು ಬೇಗ ನೆಲ ಕಚ್ಚುತ್ತದೆ. ಕಡಿಮೆ ಡಿಗ್ರಿಯ ಡ್ರೈವರ್ ಇದ್ದರೆ ದೂರ ಹೋಗುತ್ತದೆ ಎಂಬ ನಂಬಿಕೆ ಹೊಸಬರ ಮಟ್ಟಿಗೆ ತಲೆಕೆಳಗು. ಕ್ಲಬ್ಬಿನ ತಲೆಯ ವೇಗ ಗಂಟೆಗೆ 140 ಕಿ.ಮೀ. ದಾಟದವರಿಗೆ 9 ಡಿಗ್ರಿಗಿಂತ 12 ಡಿಗ್ರಿಯದ್ದೇ ಹೆಚ್ಚು ದೂರ ಕಳಿಸುವುದು ಸಾಮಾನ್ಯ. ಮೊದಲ ವರ್ಷದಲ್ಲಿ ಬಹಳ ಜನರ ವೇಗ ಅದರೊಳಗೇ ಇರುತ್ತದೆ.

ದೂರಕ್ಕಿಂತ ದೊಡ್ಡ ಲಾಭ ದಿಕ್ಕಿನದು. ಬಲಗೈ ಆಟಗಾರ ಹೊಡೆದ ಚೆಂಡು ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗಿ ಪೊದೆ ಸೇರುವುದಕ್ಕೆ ಸ್ಲೈಸ್ ಎನ್ನುತ್ತಾರೆ. ಕ್ಲಬ್ ಸಾಗುವ ದಾರಿಗೆ ಹೋಲಿಸಿದರೆ ಮುಖ ಬಲಕ್ಕೆ ತೆರೆದುಕೊಂಡು ತಾಗಿದಾಗ ಸ್ಪಿನ್ನಿನ ಅಕ್ಷ ವಾಲುತ್ತದೆ, ಅದರಿಂದ ಈ ಬಾಗು. ಲಾಫ್ಟ್ ಹೆಚ್ಚಿದ್ದಷ್ಟೂ ಅದೇ ತಪ್ಪಿಗೆ ಅಕ್ಷ ವಾಲುವುದು ಕಡಿಮೆ. 9 ಐರನ್ ನೇರ ಹೊಡೆಯುವವರೇ ಡ್ರೈವರ್ ಹಿಡಿದ ಕೂಡಲೇ ಪಕ್ಕದ ಆಟದ ಹಾದಿಗೆ, ಅಂದರೆ ಫೇರ್‌ವೇಗೆ ಹೊಡೆಯುವುದರ ಗುಟ್ಟು ಇದು. ಸ್ವಿಂಗ್ ಬದಲಾಗಿರುವುದಿಲ್ಲ, ತಪ್ಪನ್ನು ಮುಚ್ಚಿಡುತ್ತಿದ್ದ ಲಾಫ್ಟ್ ಕೈಬಿಟ್ಟಿರುತ್ತದೆ.

ಈಗ ಐರನ್‌ಗಳ ಸಂಖ್ಯೆಯ ವಿಷಯ. ಹಿಂದೆ ಕ್ಲಬ್‌ಗಳಿಗೆ ಮಾಶಿ, ನಿಬ್ಲಿಕ್ ಎಂಬಂಥ ಹೆಸರುಗಳಿದ್ದವು, ಸಂಖ್ಯೆ ಬಂದದ್ದು ಆಮೇಲೆ. ಆದರೆ 7 ಐರನ್ ಇಷ್ಟೇ ಡಿಗ್ರಿ ಇರಬೇಕೆಂಬ ನಿಯಮ ಎಲ್ಲೂ ಇಲ್ಲ. ಹಳೆಯ ಸೆಟ್‌ಗಳಲ್ಲಿ ಅದು 34-36 ಡಿಗ್ರಿ. ಹೊಸಬರಿಗೆಂದು ಮಾರುವ ಇಂದಿನ ಹಲವು ಸೆಟ್‌ಗಳಲ್ಲಿ 28-30. ತಲೆಯ ತೂಕವನ್ನು ಕೆಳಕ್ಕೆ, ಅಂಚಿಗೆ ಹಂಚಿರುವುದರಿಂದ ಚೆಂಡು ಹೇಗೂ ಮೇಲೇಳುತ್ತದೆ, ಅದಕ್ಕೇ ಲಾಫ್ಟ್ ಇಳಿಸಿದ್ದೇವೆ ಎಂಬುದು ತಯಾರಕರ ವಾದ. ಅದು ಅರ್ಧ ನಿಜ. ಉಳಿದರ್ಧ ವ್ಯಾಪಾರ: ಹಳೆಯ 6 ಐರನ್ನಿಗೆ 7 ಎಂದು ಕೊರೆದರೆ ಅಂಗಡಿಯಲ್ಲಿ ಹೊಡೆದು ನೋಡಿದವರಿಗೆ ತಮ್ಮ 7 ಐರನ್ ಹತ್ತು ಮೀಟರ್ ಹೆಚ್ಚು ದೂರ ಹೋದಂತೆ ಕಾಣುತ್ತದೆ.

ಇದರ ಪೆಟ್ಟು ಬೀಳುವುದು ಸೆಟ್ಟಿನ ಇನ್ನೊಂದು ತುದಿಯಲ್ಲಿ. ಹೊಸ ಸೆಟ್ಟಿನ ಪಿಚಿಂಗ್ ವೆಡ್ಜ್ 43 ಡಿಗ್ರಿಗೂ ಇಳಿದಿರಬಹುದು. ಮಾಮೂಲಿನಂತೆ 56ರ ಸ್ಯಾಂಡ್ ವೆಡ್ಜನ್ನು ಬೇರೆಯಾಗಿ ಕೊಂಡರೆ ನಡುವೆ 13 ಡಿಗ್ರಿಯ ಹಳ್ಳ. ಪಿಚಿಂಗ್ ವೆಡ್ಜ್ 90 ಮೀಟರ್, ಸ್ಯಾಂಡ್ ವೆಡ್ಜ್ 60 ಮೀಟರ್ ಹೋಗುವವರಿಗೆ 75 ಮೀಟರಿಗೆ ಪೂರ್ತಿ ಹೊಡೆತದ ಕ್ಲಬ್ಬೇ ಇಲ್ಲ, ಅರೆಬರೆ ಸ್ವಿಂಗ್ ಮಾಡಿಯೇ ತೀರಬೇಕು. ಹೊಸಬರಿಗೆ ಅದಕ್ಕಿಂತ ಕಷ್ಟದ ಹೊಡೆತ ಕಡಿಮೆ. 49-50ರ ಗ್ಯಾಪ್ ವೆಡ್ಜ್ ಒಂದು ಸೇರಿಸಿದರೆ ಹಳ್ಳ ತುಂಬುತ್ತದೆ. ಹಳೇ ಸೆಟ್ಟಿನ ಒಂದೆರಡು ಕ್ಲಬ್ ಯಾರಾದರೂ ಕೊಟ್ಟರೆ ಉಲ್ಟಾ ತೊಂದರೆ: ಅವರ 9 ಐರನ್ ಮತ್ತು ನಿಮ್ಮ ಪಿಚಿಂಗ್ ವೆಡ್ಜ್ ಎರಡೂ 44 ಡಿಗ್ರಿ ಇರಬಹುದು. ಹಾಗಾಗಿ ಹೊಸದೋ ಸೆಕೆಂಡ್ ಹ್ಯಾಂಡೋ, ಹಣ ಕೊಡುವ ಮೊದಲು ಆ ಮಾಡೆಲ್ಲಿನ ಲಾಫ್ಟ್ ಪಟ್ಟಿ ಕೇಳಿ ಅಥವಾ ತಯಾರಕರ ವೆಬ್‌ಸೈಟಿನಲ್ಲಿ ನೋಡಿ.

ನಿಯಮದ ಪ್ರಕಾರ ಚೀಲದಲ್ಲಿ 14 ಕ್ಲಬ್ ಇರಬಹುದು; ಇರಲೇಬೇಕು ಎಂದಿಲ್ಲ. ಮೊದಲ ವರ್ಷಕ್ಕೆ ಎಂಟು ಧಾರಾಳ. 12 ಡಿಗ್ರಿಯ ಡ್ರೈವರ್, 18ರ 5 ವುಡ್, 25ರ ಆಸುಪಾಸಿನ ಹೈಬ್ರಿಡ್, 7 ಮತ್ತು 9 ಐರನ್, ಪಿಚಿಂಗ್ ವೆಡ್ಜ್, 54 ಅಥವಾ 56ರ ಸ್ಯಾಂಡ್ ವೆಡ್ಜ್, ಚೆಂಡನ್ನು ಕುಳಿಯತ್ತ ಉರುಳಿಸುವ ಪಟ್ಟರ್. ಒಂಬತ್ತನೆಯದು ಬೇಕೆನಿಸಿದರೆ ಆ ಗ್ಯಾಪ್ ವೆಡ್ಜ್. ಮೊದಲ ಎರಡು ತಿಂಗಳು ಅಭ್ಯಾಸದ ಮೈದಾನವಾದ ರೇಂಜಿಗೆ 7 ಐರನ್ ಮತ್ತು ಪಿಚಿಂಗ್ ವೆಡ್ಜ್ ಎರಡೇ ಒಯ್ದರೂ ನಡೆಯುತ್ತದೆ. 3, 4 ಐರನ್‌ಗಳನ್ನು ಬಿಟ್ಟೇಬಿಡಿ. ನಿಧಾನ ಸ್ವಿಂಗಿನಲ್ಲಿ 4, 5, 6 ಐರನ್ ಮೂರೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬೀಳುತ್ತವೆ, ಮೂರಕ್ಕೂ ದುಡ್ಡು ಕೊಟ್ಟದ್ದು ಮಾತ್ರ ನಿಜ. ಉದ್ದ ಹೊಡೆಯದೆಯೂ ಆಟ ಆಡಬಹುದು ಎಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ಡ್ರೈವ್ ದೂರದಲ್ಲಿ ಕೆಳಗಿನ ಸಾಲಿನಲ್ಲಿದ್ದರೂ ಪಟ್ಟಿಂಗಿನ ಬಲದಿಂದ ನಾಲ್ಕನೆಯವರಾದರು.

ಕ್ಲಬ್ಬಿನಲ್ಲಿ ಎಷ್ಟೇ ಲಾಫ್ಟ್ ಇದ್ದರೂ ಹೊಡೆಯುವ ಕ್ಷಣದಲ್ಲಿ ಅದು ಬದಲಾಗುತ್ತದೆ. ಕೈಗಳು ಚೆಂಡಿಗಿಂತ ಮುಂದಿದ್ದರೆ ಕಡಿಮೆಯಾಗುತ್ತದೆ, ಹಿಂದೆ ಉಳಿದರೆ ಹೆಚ್ಚುತ್ತದೆ. ಹೊಸಬರು ಮಾಡುವುದು ಎರಡನೆಯದನ್ನು. ಚೆಂಡನ್ನು ಎತ್ತಬೇಕು ಎಂದುಕೊಂಡು ಮೈಭಾರವನ್ನು ಹಿಂದಿನ ಕಾಲಿಗೆ ಹಾಕಿ, ಮಣಿಕಟ್ಟು ಮುರಿದು, ಸೌಟಿನಲ್ಲಿ ಸಾರು ಬಡಿಸಿದ ಹಾಗೆ ಮಾಡುತ್ತಾರೆ. ಆಗ ಒಂದೋ ಕ್ಲಬ್ ಚೆಂಡಿಗಿಂತ ಮೊದಲೇ ಮಣ್ಣಿಗೆ ಹೂತು ಚೆಂಡು ಹತ್ತು ಮಾರು ಉರುಳುತ್ತದೆ, ಇಲ್ಲವೇ ಮುಖದ ಕೆಳ ಅಂಚು ಚೆಂಡಿನ ನಡುವಿಗೆ ಬಡಿದು ಅದು ನೆಲ ಸವರಿಕೊಂಡು ಓಡುತ್ತದೆ. ಎತ್ತುವ ಕೆಲಸಕ್ಕೆ ಕ್ಲಬ್ಬಿನ ಲಾಫ್ಟ್ ಆಗಲೇ ಅಲ್ಲಿದೆ. 7 ಐರನ್ನಿಗೆ ಚೆಂಡನ್ನು ಎರಡು ಪಾದಗಳ ನಡುವೆ ಇಟ್ಟು ಕೆಳಮುಖವಾಗಿ ಹೊಡೆಯಬೇಕು, ಮೊದಲು ಚೆಂಡು, ಆಮೇಲೆ ಹುಲ್ಲು. ಕಿತ್ತ ಹುಲ್ಲಿನ ಗುರುತು ಚೆಂಡಿದ್ದ ಜಾಗದ ಮುಂದೆ ಇದ್ದರೆ ಸರಿ, ಹಿಂದೆ ಇದ್ದರೆ ಬಡಿಸುತ್ತಿದ್ದೀರಿ. ರೇಂಜಿನ ಮ್ಯಾಟಿನ ಮೇಲೆ ಈ ಗುರುತು ಸಿಗದು. ಮಣ್ಣಿಗೆ ಹೂತುಕೊಳ್ಳಬೇಕಿದ್ದ ಕ್ಲಬ್ ಜಾರಿಕೊಂಡು ಹೋಗಿ ಹೊಡೆತ ಚೆನ್ನಾಗಿಯೇ ಕಾಣುತ್ತದೆ.

ವೆಡ್ಜಿನ ಮೇಲೆ 56ರ ಪಕ್ಕ 10 ಅಥವಾ 12 ಎಂದಿದ್ದರೆ ಅದು ಲಾಫ್ಟ್ ಅಲ್ಲ, ಬೌನ್ಸ್. ತಳದ ಉಬ್ಬು ಕೆಳಕ್ಕೆ ಎಷ್ಟು ಇಳಿದಿದೆ ಎಂಬ ಕೋನ ಅದು. ಮರಳಿನಲ್ಲಿ ಕ್ಲಬ್ ಹೂತುಹೋಗದಂತೆ ತಡೆಯುವುದು ಅದರ ಕೆಲಸ. 1932ರ ಬ್ರಿಟಿಷ್ ಓಪನ್ ಗೆದ್ದ ಜೀನ್ ಸರಾಜೆನ್ ತನ್ನ ವೆಡ್ಜಿನ ತಳಕ್ಕೆ ಲೋಹ ಬೆಸೆದು ಸಾಧಿಸಿದ್ದು ಇದನ್ನೇ. ಬೇಸಿಗೆಯಲ್ಲಿ ಗಟ್ಟಿಯಾದ ನೆಲದ ಮೇಲೆ ಮಾತ್ರ ಹೆಚ್ಚು ಬೌನ್ಸ್ ಪುಟಿದು ಚೆಂಡಿನ ನೆತ್ತಿಗೆ ಬಡಿಯುತ್ತದೆ. 10 ಡಿಗ್ರಿ ಎರಡಕ್ಕೂ ಹೊಂದುತ್ತದೆ.

ಪಟ್ಟರಿಗೂ 3-4 ಡಿಗ್ರಿ ಲಾಫ್ಟ್ ಇರುತ್ತದೆ ಎಂದರೆ ಹಲವರು ನಂಬುವುದಿಲ್ಲ. ಕುಳಿಯ ಸುತ್ತಲಿನ ಹುಲ್ಲು, ಅಂದರೆ ಗ್ರೀನ್, ಎಷ್ಟೇ ನುಣ್ಣಗೆ ಕತ್ತರಿಸಿದ್ದರೂ ಚೆಂಡು ತನ್ನ ಭಾರಕ್ಕೆ ಹುಲ್ಲಿನಲ್ಲಿ ಕೂದಲೆಳೆಯಷ್ಟು ಕುಸಿದು ಕೂತಿರುತ್ತದೆ. ಅಲ್ಲಿಂದ ಎಬ್ಬಿಸಿ ಉರುಳಲು ಬಿಡುವುದಕ್ಕೆ ಅಷ್ಟು ಓರೆ ಬೇಕು. ಪಟ್ಟ್ ಮಾಡುವಾಗ ಕೈಗಳನ್ನು ತೀರಾ ಮುಂದೆ ತಳ್ಳಿದರೆ ಆ ಮೂರು ಡಿಗ್ರಿಯೂ ಮಾಯವಾಗಿ, ಚೆಂಡು ನೆಲಕ್ಕೆ ಒತ್ತಿಕೊಂಡು ಹೊರಡುವಾಗಲೇ ಒಂದು ಕುಪ್ಪಳ ಹಾಕುತ್ತದೆ.