ಆಮೆಚಿಪ್ಪು ತಿನ್ನುವ ಪತಂಗ: ಸೆರಾಟೊಫೇಗ ವಿಸಿನೆಲ್ಲ

ಪತಂಗಗಳ ಟಿನಿಯಿಡೀ ಕುಟುಂಬ ಅಂದರೆ ಉಣ್ಣೆ ಶಾಲು ತೂತು ಮಾಡುವ ಹುಳು, ಅದಕ್ಕೊಂದು ನುಸಿಗುಳಿಗೆ. ಕೀಟಶಾಸ್ತ್ರದ ವಿದ್ಯಾರ್ಥಿಗಳಾದ ನಮ್ಮ ಓದು ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಅದೇ ಕುಟುಂಬದ ಈ ಪತಂಗಕ್ಕೆ ಬಟ್ಟೆಯ ಗೊಡವೆಯೇ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಇದರ ಮರಿಹುಳುಗಳು ಸತ್ತ ಗೋಫರ್ ಆಮೆಯ (ಅಲ್ಲಿನ ಒಂದು ನೆಲದಾಮೆ) ಚಿಪ್ಪನ್ನು ತಿಂದು ಬೆಳೆಯುತ್ತವೆ. ಕೀಟತಜ್ಞ ಡೀಟ್ಸ್ ಇದನ್ನು 1905ರಲ್ಲೇ ವರ್ಣಿಸಿದ್ದರು. ಕೀಟತಜ್ಞರಾದ ಮಾರ್ಕ್ ಡೇರಪ್, ಥಾಮಸ್ ಐಸ್ನರ್ ಮತ್ತು ಸಂಗಡಿಗರು ಇದರ ಬದುಕಿನ ಬಗ್ಗೆ ಬರೆದದ್ದು 2005ರಲ್ಲಿ. ನಡುವೆ ಒಂದು ಶತಮಾನವೇ ಕಳೆದಿತ್ತು!

ಚಿಪ್ಪು ಎಂದಾಗ ಎರಡು ಪದರ ನೆನಪಿರಲಿ: ಒಳಗೆ ಮೂಳೆ, ಮೇಲೆ ಕೆರಾಟಿನ್ ಫಲಕಗಳು. ಹುಳುವಿಗೆ ಬೇಕಾದದ್ದು ಮೇಲಿನದು ಮಾತ್ರ. ಉಣ್ಣೆ, ಗರಿ, ಕೊಂಬು, ಉಗುರು ಎಲ್ಲದರಲ್ಲೂ ಇರುವ ಪ್ರೋಟೀನು ಇದೇ. ಇದರ ಸರಪಳಿಗಳನ್ನು ಗಂಧಕ-ಗಂಧಕ (ಡೈಸಲ್ಫೈಡ್) ಬಂಧಗಳು ಬಿಗಿದಿರುವುದರಿಂದ ಹೆಚ್ಚಿನ ಪ್ರಾಣಿಗಳಿಗೆ ಇದು ಜೀರ್ಣವಾಗುವುದಿಲ್ಲ. ಬಟ್ಟೆ ತಿನ್ನುವ ಟಿನಿಯೋಲದಲ್ಲಿ ಕಂಡುಬಂದಂತೆ, ಹುಳುವಿನ ನಡುಗರುಳು ತೀರ ಕ್ಷಾರೀಯ, ಅಲ್ಲಿ ಆಮ್ಲಜನಕವೂ ಬಹಳ ಕಡಿಮೆ. ಆ ಸ್ಥಿತಿಯಲ್ಲಿ ಗಂಧಕದ ಬಂಧಗಳು ಬಿಚ್ಚಿಕೊಳ್ಳುತ್ತವೆ, ಆಮೇಲೆ ಕಿಣ್ವಗಳು ಕೆಲಸ ಮಾಡುತ್ತವೆ. ಪರೀಕ್ಷೆಗೆ ಬೇಕಾದ ಭಾಗ ಇದು.

ನನಗೆ ಇದಕ್ಕಿಂತ ಹಿಡಿಸಿದ್ದು ಹುಳುಗಳ ಕಟ್ಟಡ. ಚಿಪ್ಪಿನ ಅಡಿಯಿಂದ ಮರಳಿನೊಳಕ್ಕೆ ರೇಷ್ಮೆಯ ಕೊಳವೆಗಳನ್ನು ನೇಯುತ್ತವೆ. ಗೂಟ ಹೊಡೆದ ಗುಡಾರದಂತೆ ಚಿಪ್ಪು ನೆಲಕ್ಕೆ ಅಂಟಿಕೊಳ್ಳುತ್ತದೆ.

ಇನ್ನು ಊಟ ಸಿಗುವ ಸಂಗತಿ. ಗೋಫರ್ ಆಮೆ ನಾಲ್ಕೈದು ದಶಕ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ಅಂದರೆ ಒಂದು ಪ್ರದೇಶದಲ್ಲಿ ಯಾವಾಗಲೂ ಒಂದಷ್ಟು ಹೊಸ ಚಿಪ್ಪುಗಳು ಬಿದ್ದಿರಬೇಕಾದರೆ ಅಲ್ಲಿ ಆಮೆಗಳು ದಂಡಿಯಾಗಿಯೇ ಇರಬೇಕು. ಈ ಆಮೆಗಳ ನೆಲೆಯಾದ ಉದ್ದೆಲೆ ಪೈನ್ ಕಾಡುಗಳು ಬಹುಪಾಲು ನಾಶವಾಗಿ, ಉಳಿದ ಒಣ ಮರಳುನೆಲದಲ್ಲಿ ಮನೆಗಳೂ ರಸ್ತೆಗಳೂ ಏಳುತ್ತಿರುವಾಗ ಆಮೆಗಳೇ ವಿರಳ. ಜನ ನೆನಪಿಗೆಂದು ಚಿಪ್ಪು ಎತ್ತಿಕೊಂಡು ಹೋದರೆ ಹುಳುಗಳ ಊಟವೂ ಮನೆಯೂ ಒಟ್ಟಿಗೇ ಹೋದಂತೆ. ಆಮೆಯ ರಕ್ಷಣೆಗೆ ಕಾನೂನಿದೆ, ನಿಜ. ಆದರೆ ಕಟ್ಟಡಕ್ಕೆ ಜಾಗ ಬಿಡಿಸುವಾಗ ಬೇರೆಡೆಗೆ ಸಾಗಿಸುವುದು ಜೀವಂತ ಆಮೆಗಳನ್ನು; ಈ ಪತಂಗಕ್ಕೆ ಬೇಕಾದದ್ದು ಸತ್ತವು.

ಇದೇ ಕುಲದ ಸೆರಾಟೊಫೇಗ ವಾಸ್ಟೆಲ್ಲ ಆಫ್ರಿಕದಲ್ಲಿ ಸತ್ತ ಹುಲ್ಲೆಜಾತಿಯ (ಆಂಟಿಲೋಪ್) ಪ್ರಾಣಿಗಳ ಕೊಂಬು ತಿನ್ನುತ್ತದೆ. ಹೋಲಿಸಿ ಬರೆಯಲು ಒಳ್ಳೆಯ ಜೋಡಿ.