ಕಾಡಿನ ಓಟಕ್ಕೊಂದು ವರ್ಷ, ಊರಿನ ಓಟಕ್ಕೊಂದು ವರ್ಷ: ಓರಿಯೆಂಟೀರಿಂಗ್ ವಿಶ್ವ ಚಾಂಪಿಯನ್‌ಶಿಪ್ ಎರಡಾದ ಕಥೆ

2023ರ ಓರಿಯೆಂಟೀರಿಂಗ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಸ್ವಿಟ್ಜರ್ಲೆಂಡಿನ ಫ್ಲಿಮ್ಸ್-ಲಾಕ್ಸ್ ಬೆಟ್ಟದ ಕಾಡಿನಲ್ಲಿ. 2024ರದ್ದು ಎಡಿನ್‌ಬರೋ ಪೇಟೆಯಲ್ಲಿ. 2025ಕ್ಕೆ ಮತ್ತೆ ಕಾಡು, ಫಿನ್ಲೆಂಡಿನ ಕುವೋಪಿಯೊ. ಆಟದ ಹೆಸರು ಒಂದೇ, ಸಂಸ್ಥೆ ಒಂದೇ, ಆದರೆ ಒಂದು ವರ್ಷ ಪೊದೆ-ಬಂಡೆ ಹಾರುತ್ತಾ ಓಡಬೇಕು, ಇನ್ನೊಂದು ವರ್ಷ ಗಲ್ಲಿ-ಮೆಟ್ಟಿಲು ಹತ್ತಿಳಿಯುತ್ತಾ. ಯಾಕೆ ಹೀಗಾಯ್ತು ಅಂತ ಹುಡುಕುತ್ತಾ ಹೋದರೆ ಪ್ರತಿ ಸಲವೂ ಸಿಗುವುದು ಒಂದೇ ಕಾರಣ: ಕಾಡಿನೊಳಗೆ ಏನು ನಡೆಯುತ್ತಿದೆ ಅಂತ ಹೊರಗಿದ್ದವರಿಗೆ ಕಾಣುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಓಟ ಶುರುವಾಗುವ ಕ್ಷಣದಲ್ಲಿ ಕೈಗೆ ಒಂದು ಮ್ಯಾಪ್ ಸಿಗುತ್ತದೆ. ಅದರಲ್ಲಿ ಗುರುತು ಹಾಕಿದ ಜಾಗಗಳಲ್ಲಿ ಬಿಳಿ-ಕಿತ್ತಳೆ ಬಣ್ಣದ ಬಾವುಟಗಳಿರುತ್ತವೆ, ಅವಕ್ಕೆ ಕಂಟ್ರೋಲ್ ಅನ್ನುತ್ತಾರೆ. ಒಂದಾದ ಮೇಲೊಂದು, ಅದೇ ಕ್ರಮದಲ್ಲಿ, ಎಲ್ಲವನ್ನೂ ಮುಟ್ಟಿ ಬರಬೇಕು. ನಡುವಿನ ದಾರಿ ನಿಮ್ಮಿಷ್ಟ. ಜಿಪಿಎಸ್ ನೋಡುವ ಹಾಗಿಲ್ಲ, ದಿಕ್ಸೂಚಿ ಇಟ್ಟುಕೊಳ್ಳಬಹುದು. ಒಬ್ಬರ ಹಿಂದೆ ಒಬ್ಬರು ಸುಮ್ನೆ ಓಡಬಾರದು ಅಂತ ಒಬ್ಬೊಬ್ಬರನ್ನೇ ಕೆಲವು ನಿಮಿಷಗಳ ಅಂತರದಲ್ಲಿ ಬಿಡುತ್ತಾರೆ.

ಮ್ಯಾಪ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಈ ಆಟದ ಜೀವ ಇರುವುದೇ ಅಲ್ಲಿ. ಎನ್‌ಸಿಸಿಯಲ್ಲಿ ಮ್ಯಾಪ್ ರೀಡಿಂಗ್ ಮಾಡಿದವರಿಗೆ ಸರ್ವೆ ಆಫ್ ಇಂಡಿಯಾದ 1:50,000ದ ಟೋಪೋ ಶೀಟ್ ನೆನಪಿರಬಹುದು. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಕಾಡಿನ ಓಟಗಳಲ್ಲಿ ಉದ್ದದ್ದಕ್ಕೆ ಲಾಂಗ್, ಅದಕ್ಕಿಂತ ಚಿಕ್ಕದ್ದಕ್ಕೆ ಮಿಡಲ್ ಅನ್ನುತ್ತಾರೆ. ಲಾಂಗ್ ಓಟದ ಮ್ಯಾಪಿನಲ್ಲಿ ಅದು 150 ಮೀಟರ್, ಮಿಡಲ್ ಓಟದಲ್ಲಿ ಬರೀ 100 ಮೀಟರ್. ಆಳೆತ್ತರದ ಬಂಡೆ, ಸಣ್ಣ ಗುಂಡಿ, ಹಳ್ಳದ ತಿರುವು ಎಲ್ಲಾ ಅಲ್ಲಿರುತ್ತವೆ. ಬಣ್ಣಗಳೂ ಬೇರೆ ಥರ. ನಾವು ಶಾಲೆಯಿಂದಲೂ ಹಸಿರು ಅಂದರೆ ಕಾಡು ಅಂತ ಕಲಿತವರು, ಇಲ್ಲಿ ಆರಾಮಾಗಿ ಓಡಬಹುದಾದ ಕಾಡಿಗೆ ಬಿಳಿ ಬಣ್ಣ. ಬಯಲಿಗೆ ಹಳದಿ. ಹಸಿರು ಅಂದರೆ ಪೊದೆ, ಗಿಡಗಂಟಿ, ನುಗ್ಗಿದರೆ ಓಟ ನಿಧಾನ ಅಂತ ಅರ್ಥ. ಹಸಿರು ಗಾಢವಾದಷ್ಟೂ ಕಷ್ಟ ಜಾಸ್ತಿ. ಅದನ್ನು ಬಳಸಿ ಹೋಗಬೇಕೋ, ಸೀಳಿಕೊಂಡು ಹೋಗಬೇಕೋ ಅಂತ ಓಡುತ್ತಲೇ ತೀರ್ಮಾನ ಮಾಡಬೇಕು.

ಇದೆಲ್ಲಾ ಬೆಳೆದದ್ದು ಉತ್ತರ ಯುರೋಪಿನ ಕಾಡುಗಳಲ್ಲಿ, ಅದೂ ಮೊದಲು ಸೈನ್ಯದವರ ತರಬೇತಿಯಾಗಿ. ಸಾರ್ವಜನಿಕರಿಗಾಗಿ ನಡೆದ ಮೊದಲ ಸ್ಪರ್ಧೆ 1897ರ ಅಕ್ಟೋಬರ್ 31ರಂದು, ನಾರ್ವೆಯ ಈಗಿನ ಓಸ್ಲೋ ಹತ್ತಿರ. ಸ್ವೀಡನ್‌ನಲ್ಲಿ ಮೇಜರ್ ಅರ್ನ್ಸ್ಟ್ ಕಿಲಾಂಡರ್ 1919ರಲ್ಲಿ ನಡೆಸಿದ ಓಟದಿಂದ ಇದು ಜನರ ಆಟವಾಯಿತು. 1961ರಲ್ಲಿ ಕೋಪನ್‌ಹೇಗನ್‌ನಲ್ಲಿ ಹತ್ತು ದೇಶಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1966ರಲ್ಲಿ, ಫಿನ್ಲೆಂಡಿನ ಫಿಸ್ಕರ್ಸ್‌ನಲ್ಲಿ. ಗೆದ್ದವರು ನಾರ್ವೆಯ ಓಗೆ ಹಾಡ್ಲರ್ ಮತ್ತು ಸ್ವೀಡನ್ನಿನ ಉಲ್ಲಾ ಲಿಂಡ್‌ಕ್ವಿಸ್ಟ್.

ಆಗ ಇದ್ದದ್ದು ಒಂದು ವೈಯಕ್ತಿಕ ಓಟ, ಒಂದು ರಿಲೇ, ಅಷ್ಟೇ. ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು, ಬಹುಪಾಲು ಉತ್ತರದವರೇ ಗೆಲ್ಲುತ್ತಿದ್ದರು. ಹುಟ್ಟಿದ ಮನೆಯ ಹಿಂದೆಯೇ ಇಂಥ ಕಾಡಿದ್ದರೆ ಗೆಲ್ಲದೆ ಇನ್ನೇನು, ಅಲ್ವಾ? ಆ ಸಾಲನ್ನು ಮೊದಲು ಮುರಿದವರು ಹಂಗೇರಿಯ ಶರೋಲ್ತಾ ಮೊನ್‌ಶ್ಪಾರ್ಟ್, 1972ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ. ಅವರ ಮುಂದಿನ ಕಥೆ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. 1970ರ ದಶಕದ ಕೊನೆಯಲ್ಲಿ ಕಾಡಿನ ಉಣ್ಣೆ ಕಚ್ಚಿ ಮೆದುಳಿನ ಉರಿಯೂತ ಬಂತು, ಪಾರ್ಶ್ವವಾಯು ಹೊಡೆಯಿತು, ಮತ್ತೆ ನಡೆಯುವುದನ್ನೇ ಕಲಿಯಬೇಕಾಯಿತು. ಆ ಉರಿಯೂತ ತರುವ ವೈರಸ್ಸು ನಮ್ಮ ಕ್ಯಾಸನೂರಿನ ಮಂಗನ ಕಾಯಿಲೆಯ ವೈರಸ್ಸಿಗೆ ಹತ್ತಿರದ ಸಂಬಂಧಿ. ಈಗ ಆ ಕಡೆ ಓಡುವ ಬಹಳ ಜನ ಲಸಿಕೆ ಹಾಕಿಸಿಕೊಂಡೇ ಕಾಡಿಗೆ ಇಳಿಯುತ್ತಾರೆ.

ಪ್ರೇಕ್ಷಕರ ವಿಷಯಕ್ಕೆ ಬರೋಣ. ಪುರುಷರ ಲಾಂಗ್ ಓಟ ಅಂದರೆ ಸುಮಾರು ಒಂದೂವರೆ ಗಂಟೆ. ಓಟಗಾರ ಒಂದು ಕಡೆ ಕಾಡಿನೊಳಗೆ ಹೋಗುತ್ತಾನೆ, ಇನ್ನೊಂದು ಕಡೆ ಕೆಸರು ಮೆತ್ತಿಕೊಂಡು ಬರುತ್ತಾನೆ. ನಡುವೆ ನಡೆದದ್ದೆಲ್ಲಾ ಗುಟ್ಟು. ಟಿವಿಯವರು ಬರಲಿಲ್ಲ, ದುಡ್ಡೂ ಬರಲಿಲ್ಲ. 1977ರಲ್ಲೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಒಕ್ಕೂಟಕ್ಕೆ ಮಾನ್ಯತೆ ಕೊಟ್ಟಿತ್ತು, ಆದರೆ ಒಲಿಂಪಿಕ್ಸ್‌ಗೆ ಕರೆ ಬರಲೇ ಇಲ್ಲ.

ಹಾಗಾಗಿ ಓಟವನ್ನು ಕತ್ತರಿಸುತ್ತಾ ಬಂದರು. 1991ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಮೊದಲ ಸಲ ಶಾರ್ಟ್ ಓಟ (ಈಗಿನ ಮಿಡಲ್) ಸೇರಿಸಿದರು. ಎರಡೂ ಚಿನ್ನ ಆತಿಥೇಯ ದೇಶದ ಪೀಟರ್ ಕೊಜಾಕ್ ಮತ್ತು ಯಾನಾ ಚೆಸ್ಲಾರೊವಾ ಪಾಲಾದವು. ಹತ್ತು ವರ್ಷದ ನಂತರ, 2001ರಲ್ಲಿ ಸ್ಪ್ರಿಂಟ್ ಬಂತು: ಹದಿನೈದು ನಿಮಿಷದ ಆಸುಪಾಸಿನ ಓಟ, ಹೆಚ್ಚಾಗಿ ಪಾರ್ಕಿನಲ್ಲೋ ಪೇಟೆಯಲ್ಲೋ. 2003ರಿಂದ ಚಾಂಪಿಯನ್‌ಶಿಪ್ ಪ್ರತಿ ವರ್ಷ ನಡೆಯತೊಡಗಿತು. ಆ ವರ್ಷ ಸ್ವಿಟ್ಜರ್ಲೆಂಡಿನ ಸಿಮೋನ್ ನಿಗ್ಲಿ ತವರಿನಲ್ಲೇ ನಾಲ್ಕಕ್ಕೆ ನಾಲ್ಕೂ ಚಿನ್ನ ಬಾಚಿಕೊಂಡರು. ಕೊನೆಗೆ ಅವರ ಲೆಕ್ಕ 23 ಚಿನ್ನಕ್ಕೆ ಬಂದು ನಿಂತಿತು.

ಕಾಡಿನ ಓಟಗಾರರಲ್ಲಿ ಕೆಲವರಿಗೆ ಸ್ಪ್ರಿಂಟ್ ಅಂದರೆ ಮೂಗು ಮುರಿಯುವ ಚಾಳಿ ಇದೆ. ನನಗೆ ಅದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. 2003ರಲ್ಲಿ ಬ್ರಿಟನ್ನಿನ ಜೇಮಿ ಸ್ಟೀವನ್‌ಸನ್ ಗೆದ್ದದ್ದು ಸ್ಪ್ರಿಂಟ್. 2006ರಲ್ಲಿ ಆಸ್ಟ್ರೇಲಿಯಾದ ಹ್ಯಾನಿ ಆಲ್‌ಸ್ಟನ್, ಯುರೋಪಿನ ಆಚೆಯಿಂದ ಬಂದು ಚಿನ್ನ ಗೆದ್ದ ಮೊದಲಿಗರು, ಅವರದ್ದೂ ಸ್ಪ್ರಿಂಟೇ. 2014ರಲ್ಲಿ ಸ್ಪ್ರಿಂಟ್ ಫೈನಲ್ ಇಟ್ಟದ್ದು ವೆನಿಸ್‌ನಲ್ಲಿ. ಯಾವ ಗಲ್ಲಿ ಸೇತುವೆಗೆ ಹೋಗುತ್ತದೆ, ಯಾವುದು ನೀರಿನ ಅಂಚಿಗೆ ಹೋಗಿ ನಿಂತುಬಿಡುತ್ತದೆ ಅಂತ ಪೂರ್ತಿ ವೇಗದಲ್ಲಿ ಓದಬೇಕು. ಅದೂ ಮ್ಯಾಪ್ ಓದುವ ಕಲೆಯೇ.

ಹಾಗಂತ ಕಾಡಿನ ಓಟವನ್ನು ಮೂಲೆಗೆ ತಳ್ಳಿದ್ದರೆ ದೊಡ್ಡ ನಷ್ಟವಾಗುತ್ತಿತ್ತು. 2009ರ ರಿಲೇ ನೋಡಿ, ಹಂಗೇರಿಯ ಮಿಶ್ಕೋಲ್ಟ್ಸ್‌ನಲ್ಲಿ ನಡೆದದ್ದು. ಕೊನೆಯ ಸುತ್ತಿನಲ್ಲಿ ಮುಂದಿದ್ದವರಲ್ಲಿ ಸ್ವೀಡನ್ನಿನ ಮಾರ್ಟಿನ್ ಯೋಹಾನ್ಸನ್ ಒಬ್ಬರು. ಸುಮಾರು 12 ಸೆಂಟಿಮೀಟರ್ ಉದ್ದದ ಕೊಂಬೆ ಅವರ ತೊಡೆಗೆ ಹೊಕ್ಕಿತು. ಪದಕದ ದಾರಿಯಲ್ಲಿದ್ದ ಫ್ರಾನ್ಸಿನ ಥಿಯರಿ ಗ್ಯೋರ್ಗ್ಯು, ನಾರ್ವೆಯ ಆಂಡರ್ಸ್ ನೂರ್ಡ್‌ಬರ್ಗ್, ಚೆಕ್ ತಂಡದ ಮಿಹಾಲ್ ಸ್ಮೋಲಾ ಮೂವರೂ ಓಟ ಬಿಟ್ಟು ಅವರ ಸಹಾಯಕ್ಕೆ ನಿಂತರು. ಹಿಂದಿದ್ದ ತಂಡಗಳು ದಾಟಿಕೊಂಡು ಹೋದವು, ಚಿನ್ನ ಸ್ವಿಟ್ಜರ್ಲೆಂಡಿಗೆ ಹೋಯಿತು. ಆ ಜಾಗದಲ್ಲಿ ಪ್ರೇಕ್ಷಕರಿಲ್ಲ, ಚಪ್ಪಾಳೆಯೂ ಇಲ್ಲ. ಆ ಮೂವರು ನಿಲ್ಲಲು ಯಾರೂ ನಿಯಮ ಬರೆದಿಡಬೇಕಾಗಿರಲಿಲ್ಲ.

ಇನ್ನೊಂದು ಕಡೆ ಒಂದೇ ವಾರದೊಳಗೆ ತುರುಕುವುದು ಜಾಸ್ತಿಯಾಯಿತು. 2014ರಲ್ಲಿ ಇಬ್ಬರು ಹೆಂಗಸರು, ಇಬ್ಬರು ಗಂಡಸರು ಓಡುವ ಸ್ಪ್ರಿಂಟ್ ರಿಲೇ ಕೂಡ ಸೇರಿತು. ಆಯೋಜಕರಿಗೆ ಒಳ್ಳೆ ಕಾಡೂ ಬೇಕು, ಪಕ್ಕದಲ್ಲೇ ಸಂದುಗೊಂದಿನ ಹಳೇ ಪಟ್ಟಣವೂ ಬೇಕು. ಸ್ಪರ್ಧಿಗಳು ಮೊದಲೇ ಹೋಗಿ ನೋಡಿಕೊಂಡು ಬರಬಾರದು ಅಂತ ಆ ಜಾಗಗಳಿಗೆ ಎಷ್ಟೋ ಮುಂಚೆಯೇ ಅವರ ಪ್ರವೇಶ ಮುಚ್ಚಬೇಕು. ಕಾಡಿಗಾದರೆ ಸರಿ, ಜನ ಓಡಾಡುವ ಪೇಟೆಗೆ ಇದು ಎಂಥ ತಲೆನೋವು ನೀವೇ ಯೋಚಿಸಿ.

ಹಾಗಾಗಿ 2019ರಿಂದ ಎರಡು ಮಾಡಿದರು. ನಾರ್ವೆಯ ಓಸ್ಟ್‌ಫೋಲ್ಡ್‌ನಲ್ಲಿ ಆ ವರ್ಷ ಬರೀ ಕಾಡು: ಲಾಂಗ್, ಮಿಡಲ್, ರಿಲೇ. ಮರುವರ್ಷ ಡೆನ್ಮಾರ್ಕ್‌ನಲ್ಲಿ ಬರೀ ಸ್ಪ್ರಿಂಟ್ ಆಗಬೇಕಿತ್ತು, ಕೋವಿಡ್ ಬಂದು ಅದು 2022ಕ್ಕೆ ಹೋಯಿತು. 2021ರಲ್ಲಿ ಚೆಕ್ ದೇಶದಲ್ಲಿ ಮತ್ತೆ ಎರಡನ್ನೂ ಬೆರೆಸಿ ನಡೆಸಿದರು. ಆಮೇಲಿಂದ ಬೆಸ ವರ್ಷ ಕಾಡು, ಸಮ ವರ್ಷ ಊರು.

ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ. ಕಾಡಿಗೆ ತನ್ನದೇ ಒಂದು ವಾರ ಸಿಕ್ಕಿತು, ಓಟಗಾರರು ತಾವು ನೋಡಲಾಗದಿದ್ದರೂ ಹೊತ್ತು ಓಡುವ ಜಿಪಿಎಸ್‌ನ ಚುಕ್ಕಿಗಳ ಮೂಲಕ ಯಾರು ಯಾವ ದಾರಿ ಹಿಡಿದರು ಅಂತ ಮನೆಯಲ್ಲೇ ಕೂತು ನೋಡಬಹುದು. ಆದರೆ ಕಾಡನ್ನೇ ನಂಬಿದವರು ವಿಶ್ವ ಪದಕಕ್ಕೆ ಈಗ ಎರಡು ವರ್ಷ ಕಾಯಬೇಕು. ಯುರೋಪಿನವರಿಗೆ ನಡುವಿನ ವರ್ಷ ತಮ್ಮದೇ ಕಾಡಿನ ಚಾಂಪಿಯನ್‌ಶಿಪ್ ಇದೆ, 2022ರಲ್ಲಿ ಎಸ್ಟೋನಿಯಾದಲ್ಲಿ ಆಯಿತು, 2024ರಲ್ಲಿ ಹಂಗೇರಿಯಲ್ಲಿ. ಅದರ ಪದಕ ನ್ಯೂಜಿಲೆಂಡ್, ಜಪಾನಿನವರಿಗೆ ಸಿಗುವಂಥದ್ದಲ್ಲ. ಎರಡು ಮಾಡಿದ ಖರ್ಚು ಜಾಸ್ತಿ ಬಿದ್ದಿರುವುದು ಅವರ ಮೇಲೇ.